ಮೆಟಾ ಜೊತೆ ಕೊಂಡಿ ಬೇಕೆ?



2023ರ ಜುಲೈ 5ರಂದು ಫೇಸ್‌ಬುಕ್ಕಿನ ಒಡೆಯನಾದ ಮೆಟಾ ಕಂಪನಿ ಥ್ರೆಡ್ಸ್ ಎಂಬ ಹೊಸ ಜಾಲತಾಣ ತೆರೆಯಿತು. ಐದೇ ದಿನದಲ್ಲಿ ಹತ್ತು ಕೋಟಿ ಜನ ಸೇರಿದರು. ಅದು ತೆರೆಯುವ ಮೊದಲೇ, ಬೇರೆ ಬೇರೆ ದೇಶಗಳಲ್ಲಿ ಸಣ್ಣಪುಟ್ಟ ಸರ್ವರ್ ನಡೆಸುವ ಅನೇಕರು ಒಂದು ಪ್ರತಿಜ್ಞೆಗೆ ಸಹಿ ಹಾಕಿದ್ದರು: ಮೆಟಾದ ಯಾವ ಸರ್ವರಿಗೂ ನಮ್ಮಲ್ಲಿ ಪ್ರವೇಶವಿಲ್ಲ.

ಇವರೆಲ್ಲ ಫೆಡಿವರ್ಸ್ ಎಂಬ ಜಾಲಕ್ಕೆ ಸೇರಿದವರು. ಜಿಮೇಲ್ ಇರುವವರು ಯಾಹೂ ವಿಳಾಸಕ್ಕೆ ಪತ್ರ ಕಳಿಸುವಂತೆ, ಇಲ್ಲಿ ಒಂದು ಸರ್ವರಿನಲ್ಲಿ ಖಾತೆ ಇರುವವರು ಇನ್ನೊಂದು ಸರ್ವರಿನವರ ಬರಹ ಓದಬಹುದು, ಉತ್ತರಿಸಬಹುದು. ಇಡೀ ಜಾಲಕ್ಕೆ ಒಬ್ಬ ಒಡೆಯನಿಲ್ಲ. ಜರ್ಮನಿಯ ಯೂಜೆನ್ ರೋಖ್ಕೊ 2016ರಲ್ಲಿ ಹೊರತಂದ ಮಾಸ್ಟಡಾನ್ ಇದರ ಹೆಸರುವಾಸಿ ತಂತ್ರಾಂಶ. ಸರ್ವರುಗಳು ಮಾತಾಡಿಕೊಳ್ಳುವ ನಿಯಮಾವಳಿ ಆಕ್ಟಿವಿಟಿಪಬ್. 2018ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆ 2019ರಲ್ಲಿ ಅಮಾನತಾದಾಗ ನಮ್ಮ ದೇಶದ ಅನೇಕರು ಮಾಸ್ಟಡಾನ್ ಕಡೆ ಹೊರಳಿದ್ದರು.

ಥ್ರೆಡ್ಸ್ ಕೂಡ ಇದೇ ನಿಯಮಾವಳಿ ಬಳಸಿ ಫೆಡಿವರ್ಸಿಗೆ ಕೊಂಡಿ ಹಾಕುತ್ತದೆ ಎಂದು ಮೆಟಾ ಹೇಳಿತ್ತು. ರೋಖ್ಕೊ ಸ್ವಾಗತಿಸಿದರು. ಸಹಿ ಹಾಕಿದವರಿಗೆ ಮಾತ್ರ ಗೂಗಲ್ ಟಾಕ್ ಎಂಬ ಸಂದೇಶ ಸೇವೆಯ ಕತೆ ನೆನಪಾಯಿತು.

ಆ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1999ರಲ್ಲಿ ಜೆರೆಮಿ ಮಿಲ್ಲರ್ ಜಾಬರ್ ಎಂಬ ಮುಕ್ತ ಸಂದೇಶ ವ್ಯವಸ್ಥೆ ಆರಂಭಿಸಿದರು. ಅದೂ ಹೀಗೆಯೇ, ಯಾರು ಬೇಕಾದರೂ ಸರ್ವರ್ ಇಟ್ಟುಕೊಳ್ಳಬಹುದಿತ್ತು. 2005ರಲ್ಲಿ ಗೂಗಲ್ ಅದೇ ನಿಯಮಾವಳಿಯ ಮೇಲೆ ಟಾಕ್ ಕಟ್ಟಿತು. ಮರುವರ್ಷ ಬೇರೆ ಸರ್ವರುಗಳ ಜೊತೆ ಕೊಂಡಿಯನ್ನೂ ಹಾಕಿತು. ಜಾಬರ್ ಬಳಗಕ್ಕೆ ಹಬ್ಬ! ಆದರೆ ನೋಡನೋಡುತ್ತ ಅವರ ಗೆಳೆಯರಲ್ಲಿ ಬಹುಪಾಲು ಜನ ಜಿಮೇಲ್ ಕಡೆಯವರಾದರು. ಸರ್ವರುಗಳ ನಡುವಿನ ಸಂದೇಶ ಗುಪ್ತಲಿಪಿಯಲ್ಲೇ ಸಾಗಬೇಕೆಂದು ಉಳಿದವರು ಬಯಸಿದರೂ ಗೂಗಲ್ ಆ ಸೌಲಭ್ಯ ಕೊಡಲಿಲ್ಲ. ಗೂಗಲನ್ನು ಬಿಟ್ಟು ಮುಂದೆ ಹೋಗೋಣವೆಂದರೆ ಗೆಳೆಯರು ಕೈತಪ್ಪುತ್ತಿದ್ದರು. 2013ರಲ್ಲಿ ಗೂಗಲ್ ಹ್ಯಾಂಗೌಟ್ಸ್ ತಂದಿತು. ಅದರಲ್ಲಿ ಹೊರಗಿನ ಸರ್ವರುಗಳಿಗೆ ಜಾಗವೇ ಇರಲಿಲ್ಲ. ಜಾಬರ್ ಸಾಯಲಿಲ್ಲ, ಆದರೆ ಬಡವಾಯಿತು.

ಎಲ್ಲ ತಪ್ಪನ್ನೂ ಗೂಗಲ್ ಮೇಲೆ ಹೊರಿಸುವುದು ನ್ಯಾಯವಲ್ಲ. ಅದೇ ಕಾಲಕ್ಕೆ ಸ್ಮಾರ್ಟ್‌ಫೋನ್ ಬಂತು, ಅದರ ಜೊತೆ ವಾಟ್ಸ್ಆ್ಯಪ್ ಬಂತು. ಅಂದ ಹಾಗೆ, ವಾಟ್ಸ್ಆ್ಯಪ್ ತನ್ನ ಒಡಲಲ್ಲಿ ಬಳಸಿಕೊಂಡದ್ದೂ ಜಾಬರ್‌ನ ನಿಯಮಾವಳಿಯ ಒಂದು ಮಾರ್ಪಾಡನ್ನೇ. ಹೊರಗಿನವರಿಗೆ ಮಾತ್ರ ಬಾಗಿಲು ಹಾಕಿಕೊಂಡಿತು.

ದೊಡ್ಡ ಕಂಪನಿ ಜೊತೆಗೂಡಿ ಕೊನೆಗೆ ಕೈಬಿಟ್ಟೀತು ಎಂಬುದು ಮೊದಲ ಆತಂಕ. ಎರಡನೆಯದು ಇನ್ನೂ ಗಂಭೀರ. ಮ್ಯಾನ್ಮಾರ್‌ನಲ್ಲಿ ರೋಹಿಂಗ್ಯಾ ಜನರ ವಿರುದ್ಧ ದ್ವೇಷ ಹಬ್ಬಿಸಲು ಫೇಸ್‌ಬುಕ್ ಬಳಕೆಯಾಯಿತು. ಅದನ್ನು ತಡೆಯಲು ಸಾಕಷ್ಟು ಮಾಡಲಿಲ್ಲವೆಂದು 2018ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ದೊಡ್ಡ ತಾಣಗಳ ಕಿರುಕುಳ ತಾಳಲಾರದೆ ಸಣ್ಣ ಸರ್ವರಿಗೆ ಬಂದವರಿಗೆ, ಅದೇ ಗುಂಪು ಇಲ್ಲಿಗೂ ಬಂದೀತೆಂಬ ಭಯ ಇದ್ದರೆ ಅದನ್ನು ಅತಿರೇಕ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ ಇಡೀ ಫೆಡಿವರ್ಸಿಗೆ ಒಂದೇ ಉತ್ತರ ಬೇಕಾಗಿಲ್ಲ. ಮಾಸ್ಟಡಾನ್ ಸರ್ವರ್ ನಡೆಸುವವರು ಇನ್ನೊಂದು ಸರ್ವರನ್ನು ಪೂರ್ತಿ ತಡೆಯಬಹುದು. ಅಥವಾ ಮಿತಿಗೊಳಿಸಬಹುದು: ಆಗ ಅಲ್ಲಿನ ಬರಹ ಎಲ್ಲರ ಕಣ್ಣಿಗೆ ಬೀಳುವುದಿಲ್ಲ, ಹಿಂಬಾಲಿಸುವವರಿಗೆ ಮಾತ್ರ ಸಿಗುತ್ತದೆ. ಬಳಕೆದಾರರೂ ತಮ್ಮ ಮಟ್ಟಿಗೆ ಒಂದು ಸರ್ವರನ್ನು ತಡೆಯಬಹುದು. ಥ್ರೆಡ್ಸ್‌ನಲ್ಲಿರುವ ಅಣ್ಣನ ಜೊತೆ ಮಾತಾಡಬೇಕೆನ್ನುವವರಿಗೆ ಕೊಂಡಿ ಇರಲಿ. ಬೇಡವೆನ್ನುವವರಿಗೆ ನೆಮ್ಮದಿ ಇರಲಿ. ಆದರೆ ಕೊಂಡಿ ಹಾಕಿದವರು ನಿಯಮಾವಳಿಯನ್ನು ಮೆಟಾದ ಅನುಕೂಲಕ್ಕೆ ಬಗ್ಗಿಸಬಾರದು. ಮೆಟಾ ನಾಳೆ ಕೊಂಡಿ ಕಳಚಿದರೂ ಸರ್ವರ್ ನಡೆಯುವಂತಿರಬೇಕು. ಅದರ ಖರ್ಚನ್ನು ಬಳಸುವವರೇ ಅಷ್ಟಿಷ್ಟು ಹಂಚಿಕೊಳ್ಳಬೇಕು.

ಖಾತೆ ತೆರೆಯುವ ಮುನ್ನ ಆ ಸರ್ವರಿನ ಪರಿಚಯ ಪುಟ ಓದಿ. ಯಾರನ್ನು ತಡೆದಿದ್ದಾರೆಂಬ ಪಟ್ಟಿ ಅನೇಕ ಕಡೆ ಅಲ್ಲಿಯೇ ಇರುತ್ತದೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಖಾತೆಯನ್ನು ಬೇರೆ ಸರ್ವರಿಗೆ ಸಾಗಿಸಬಹುದು. ನಿಮ್ಮನ್ನು ಹಿಂಬಾಲಿಸುವವರು ಜೊತೆಗೆ ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ತಂತ್ರಾಂಶ ಕಟ್ಟುವವರು ಮೊದಲು ಸರಿಪಡಿಸಬೇಕಾದ ಕೊರತೆ ಇದೇ ಎಂದು ನನಗೆ ಅನಿಸುತ್ತದೆ.