ಹಳೆಯ ಕಾರಿನ ಶೈತ್ಯಯಂತ್ರ



ಬೆಂಗಳೂರಿನ ಮನೆಗಳಿಗೆ ಬೀಸಣಿಗೆಯೇ ಬೇಡವೆಂದು ಹಿರಿಯರು ಅಭಿಮಾನದಿಂದ ಹೇಳುತ್ತಿದ್ದ ಕಾಲ ಕಳೆದುಹೋಯಿತು. 2016ರ ಏಪ್ರಿಲ್ 24ರಂದು ಈ ನಗರದ ಉಷ್ಣಮಾನ 39.2 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಅಂಥ ಮಧ್ಯಾಹ್ನದಲ್ಲಿ ಹೆಬ್ಬಾಳದ ಮೇಲ್ಸೇತುವೆಯ ಮೇಲೆ, ಸಾಲುಗಟ್ಟಿದ ವಾಹನಗಳ ನಡುವೆ ಸಿಕ್ಕಿಕೊಂಡ ಹಳೆಯ ಕಾರೊಂದರ ಏ.ಸಿ. ಬಿಸಿಗಾಳಿಯನ್ನು ಊದತೊಡಗಿದರೆ, ಅದರ ಒಡೆಯರಿಗೆ ಯಶವಂತಪುರದ ಗ್ಯಾರೇಜಿನಲ್ಲಾಗಲಿ ಆರ್.ಟಿ. ನಗರದ ಗ್ಯಾರೇಜಿನಲ್ಲಾಗಲಿ ಸಾಮಾನ್ಯವಾಗಿ ದೊರೆಯುವ ಉತ್ತರ, "ಗ್ಯಾಸ್ ಖಾಲಿಯಾಗಿದೆ ಸಾರ್, ತುಂಬಿಸಬೇಕು" ಎಂಬುದು. ಈ ಉತ್ತರ ಅರ್ಧಸತ್ಯ. ಪೆಟ್ರೋಲು ಉರಿದು ಮುಗಿಯುವಂತೆ ಮುಗಿಯುವ ವಸ್ತು ಆ ಗ್ಯಾಸಲ್ಲ. ರಬ್ಬರಿನ ಕೊಳವೆಗಳ ಮೂಲಕ ವರ್ಷವರ್ಷವೂ ಅತ್ಯಲ್ಪ ಭಾಗ ಜಿನುಗುವುದುಂಟಾದರೂ, ತಂಪು ನಿಂತುಹೋಗುವಷ್ಟು ಕಡಿಮೆಯಾಗಿದ್ದರೆ ಅದು ಎಲ್ಲಿಯೋ ಸೋರಿದೆಯೆಂದೇ ತಿಳಿಯಬೇಕು.

ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದೆಂಬುದು ಮಣ್ಣಿನ ಹೂಜಿಯ ನೀರು ಕುಡಿದವರಿಗೆಲ್ಲ ಅನುಭವಸಿದ್ಧ. ಇದೇ ಪ್ರಕೃತಿನಿಯಮ ಕಾರಿನಲ್ಲಿ ಮುಚ್ಚಿದ ನಾಳಗಳೊಳಗೆ ನಡೆಯುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಈ ಗ್ಯಾಸನ್ನು ಅದುಮಿ, ಕಾಯಿಸಿ, ರೇಡಿಯೇಟರಿನ ಮುಂದಣ ಕಂಡೆನ್ಸರಿಗೆ ದೂಡುತ್ತದೆ. ಅಲ್ಲಿ ಹೊರಗಾಳಿಗೆ ಶಾಖವನ್ನೊಪ್ಪಿಸಿ ದ್ರವವಾದ ಅದು, ಡ್ರೈಯರಿನಲ್ಲಿ ತೇವಾಂಶವನ್ನು ಕಳೆದುಕೊಂಡು, ಎಕ್ಸ್‌ಪ್ಯಾನ್ಷನ್ ವಾಲ್ವಿನ ಸೂಕ್ಷ್ಮರಂಧ್ರವನ್ನು ದಾಟಿದೊಡನೆ ಒತ್ತಡವಿಳಿದು, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲಿನಲ್ಲಿ ಕುದಿದು ಆವಿಯಾಗುತ್ತ, ಕಾರಿನೊಳಗಣ ಶಾಖವನ್ನು ಸೆಳೆದುಕೊಂಡು ಮರಳಿ ಕಂಪ್ರೆಸರನ್ನು ಸೇರುತ್ತದೆ. ಈ ಪರಿಭ್ರಮಣದಲ್ಲಿ ವ್ಯಯವಾಗುವುದು ಎಂಜಿನ್ನಿನ ಶಕ್ತಿಯೊಂದೇ.

ಸೋರಿಕೆಗೆ ನಮ್ಮ ಊರಿನ ಹಿತವಾದ ಚಳಿಗಾಲವೂ ಒಂದು ಕಾರಣವೆಂದರೆ ಆಶ್ಚರ್ಯವಾದೀತು. ಯಲಹಂಕದ ಡಿಸೆಂಬರಿನ ಮಂಜಿನಲ್ಲಿ ಏ.ಸಿ.ಯ ಗುಂಡಿಯನ್ನು ಯಾರು ತಾನೆ ಒತ್ತಿಯಾರು? ಆದರೆ ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನೊಡನೆಯೇ ಸಂಚರಿಸತಕ್ಕದ್ದು. ತಿಂಗಳುಗಟ್ಟಲೆ ಯಂತ್ರ ಸುಮ್ಮನಿದ್ದರೆ, ಎಣ್ಣೆ ತಲುಪದೆ, ಕಂಪ್ರೆಸರಿನ ತಿರುಗುವ ದಂಡವನ್ನು ಬಿಗಿಹಿಡಿದಿರುವ ಸೀಲು ಒಣಗಿ ಗಡುಸಾಗಿ, ಗ್ಯಾಸು ಮೆಲ್ಲಮೆಲ್ಲನೆ ಪಾರಾಗುತ್ತದೆ. ಚಳಿಗಾಲದಲ್ಲಿಯೂ ವಾರಕ್ಕೊಮ್ಮೆ ಹತ್ತು ನಿಮಿಷ ಏ.ಸಿ.ಯನ್ನು ನಡೆಸುವುದು ಖರ್ಚಿಲ್ಲದ ಚಿಕಿತ್ಸೆ.

ಸೋರಿದ ಸ್ಥಳ ಅನೇಕ ವೇಳೆ ಕಣ್ಣಿಗೇ ಕಾಣುತ್ತದೆ. ಗ್ಯಾಸಿನೊಡನೆ ಹೊರಬಂದ ಎಣ್ಣೆ ಕೊಳವೆಯ ಜೋಡಣೆಯಲ್ಲಿ ಪಸರಿಸಿ, ಬಳ್ಳಾರಿ ರಸ್ತೆಯ ಧೂಳನ್ನೆಲ್ಲ ಹಿಡಿದು, ಕಪ್ಪನೆಯ ಜಿಡ್ಡಾಗಿ ಕುಳಿತಿರುತ್ತದೆ. ಬಲ್ಲ ಮೆಕ್ಯಾನಿಕ್ಕು ಆ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ನಾಳಗಳಿಗೆ ಒತ್ತಡದಲ್ಲಿ ಸಾರಜನಕವನ್ನು ತುಂಬಿ, ಸೋಪಿನ ನೊರೆಯನ್ನು ಹಚ್ಚಿ, ಟಾರ್ಚು ಹಿಡಿದು ಕಾಯುತ್ತಾನೆ. ಕೆಲವೊಮ್ಮೆ ಐದು ನಿಮಿಷದ ಮೇಲೆ, ಸಾಸುವೆಯಷ್ಟು ಸಣ್ಣ ಗುಳ್ಳೆಯೊಂದು ಎದ್ದು ಒಡೆದು ಮತ್ತೆ ಏಳುತ್ತದೆ. ಅಲ್ಲಿರುವ ಅಲ್ಪಮೌಲ್ಯದ ಓ-ರಿಂಗನ್ನು ಬದಲಿಸಿದರೆ ಕಾರ್ಯ ಸಿದ್ಧಿಸಿತು. ಆದರೆ ಕೂಲಿಂಗ್ ಕಾಯಿಲೇ ತೂತಾಗಿದ್ದರೆ ಹಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು. ಇಂಥ ತೂತಿಗೆ ಒಂದು ಕಾರಣವುಂಟು: ಮರದ ನೆರಳಿನಲ್ಲಿ ನಿಲ್ಲಿಸಿದ ಕಾರಿಗೆ ಎಲೆ, ಧೂಳು ಸೇರಿ, ಕಾಯಿಲಿನ ತೇವದಲ್ಲಿ ಕೊಳೆತು, ಅಲ್ಯೂಮಿನಿಯಮ್ಮನ್ನು ತಿನ್ನುತ್ತವೆ.

ರಿಪೇರಿಯಾದ ಮೇಲೆ ಗ್ಯಾಸು ತುಂಬುವ ಮೊದಲು, ವ್ಯಾಕ್ಯೂಮ್ ಪಂಪನ್ನು ಅರ್ಧ ಗಂಟೆಗೆ ಕಡಿಮೆಯಿಲ್ಲದೆ ನಡೆಸಿ ಒಳಗಿನ ಗಾಳಿಯನ್ನೂ ತೇವವನ್ನೂ ಹೊರಗೆಳೆಯಲೇಬೇಕು. ಉಳಿದ ತೇವ ವಾಲ್ವಿನಲ್ಲಿ ಹೆಪ್ಪುಗಟ್ಟೀತು, ಎಣ್ಣೆಯೊಡನೆ ಕೂಡಿ ಆಮ್ಲವೂ ಆದೀತು. ಇಲ್ಲೊಂದು ಸ್ವಾರಸ್ಯ. ಸಮುದ್ರತೀರದಲ್ಲಿ ವ್ಯಾಕ್ಯೂಮ್ ಮಾಪಕದ ಮುಳ್ಳು ಪಾದರಸದ 29 ಅಂಗುಲವನ್ನು ಮೀರುವುದು ಸಹಜ. 900 ಮೀಟರಿನ ಆಸುಪಾಸು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುಭಾರವೇ ಕಡಿಮೆಯಾದುದರಿಂದ ಅದು ಸುಮಾರು 27ರಲ್ಲಿ ನಿಂತುಬಿಡುತ್ತದೆ. ಅದನ್ನು ಪಂಪಿನ ದೋಷವೆಂದು ಎಣಿಸಬಾರದು. ಪಂಪನ್ನು ನಿಲ್ಲಿಸಿದ ಮೇಲೂ ಮುಳ್ಳು ಅಲುಗದಿರುವುದೇ ಮುಖ್ಯ.

ಎಲ್ಲ ದೋಷವೂ ಗ್ಯಾಸಿನದಲ್ಲ. ದೇವನಹಳ್ಳಿಯ ಕಡೆ ವೇಗವಾಗಿ ಓಡುವಾಗ ತಂಪಾಗಿದ್ದು, ಹೆಬ್ಬಾಳದ ದಟ್ಟಣೆಯಲ್ಲಿ ನಿಂತೊಡನೆ ಬಿಸಿಯಾದರೆ, ಮೊದಲು ಕಂಡೆನ್ಸರಿನ ಫ್ಯಾನನ್ನೂ ಅದರ ಜಾಲರಿಗೆ ಮೆತ್ತಿದ ಧೂಳನ್ನೂ ಪರೀಕ್ಷಿಸಿರಿ. ಕಾಯಿಲಿನಿಂದ ಮರಳುವ ಕೊಳವೆ ಮುಟ್ಟಿದರೆ ಕೊರೆಯುವಷ್ಟು ತಣ್ಣಗಿದ್ದು ನೀರು ಬಿಡುತ್ತಿದ್ದೂ ಒಳಗೆ ಬರುವ ಗಾಳಿ ಉಗುರುಬೆಚ್ಚಗಿದ್ದರೆ, ತಂಪುಗಾಳಿಗೆ ಹೀಟರಿನ ಬಿಸಿಗಾಳಿಯನ್ನು ಬೆರೆಸುವ ಫ್ಲಾಪು ಅರ್ಧದಲ್ಲಿ ಸಿಕ್ಕಿಕೊಂಡಿರಬಹುದು, ಅಥವಾ ಅದನ್ನೆಳೆಯುವ ಕೇಬಲ್ಲು ಕಳಚಿರಬಹುದು. ಇಂಥ ಕಾರಿಗೆ ಎಷ್ಟು ಗ್ಯಾಸು ತುಂಬಿದರೂ ಪ್ರಯೋಜನವಿಲ್ಲ. ಮಿತಿಮೀರಿ ತುಂಬಿದರೆ ಕಂಪ್ರೆಸರಿಗೇ ಅಪಾಯ.

ಇನ್ನು ಗ್ಯಾಸಿನ ಬಗೆಯ ಮಾತು. ಮೊದಲ ತಲೆಮಾರಿನ ಮಾರುತಿ 800ರಂಥ ಕಾರುಗಳಲ್ಲಿದ್ದ ಆರ್-12 ಅನಿಲದ ವರ್ಗ ಓಜೋನ್ ಪದರವನ್ನು ನಾಶಗೊಳಿಸುವುದೆಂದು ಮೊಲೀನಾ ಮತ್ತು ರೋಲ್ಯಾಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ತೋರಿಸಿದರು; 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಅದು ಕ್ರಮೇಣ ನಿಂತು, ಅದರ ಸ್ಥಾನಕ್ಕೆ ಆರ್-134ಎ ಬಂದಿತು. ಹಳೆಯ ಕಾರನ್ನು ಇದಕ್ಕೆ ಬದಲಿಸುವಾಗ ಎಣ್ಣೆ, ಡ್ರೈಯರ್, ಓ-ರಿಂಗುಗಳೆಲ್ಲವನ್ನೂ ಬದಲಿಸುವುದು ಅವಶ್ಯ, ಏಕೆಂದರೆ ಹಿಂದಿನ ಖನಿಜ ತೈಲ ಹೊಸ ಗ್ಯಾಸಿನೊಡನೆ ಬೆರೆಯದು. ಆರ್-134ಎ ಓಜೋನಿಗೆ ನಿರುಪದ್ರವಿ. ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಅಧಿಕ ಪ್ರಬಲ. ಸಣ್ಣ ಕಾರಿನಲ್ಲಿರುವ ಸುಮಾರು ಅರ್ಧ ಕಿಲೋ ಗ್ಯಾಸನ್ನು ಗಾಳಿಗೆ ಬಿಡುವುದು, ಇನ್ನೂರು ಲೀಟರಿಗೂ ಮಿಕ್ಕ ಪೆಟ್ರೋಲನ್ನು ಉರಿಸುವುದಕ್ಕೆ ಸಮ. ಸೋರಿಕೆಯನ್ನು ಮುಚ್ಚದೆ ವರ್ಷವರ್ಷವೂ ತುಂಬಿಸುವವರು ಮಾಡುತ್ತಿರುವುದು ಇದನ್ನೇ.

ಆದುದರಿಂದ ಶ್ರೋತೃಗಳಲ್ಲಿ ನನ್ನ ವಿನಂತಿ: ಗ್ಯಾಸಿಗೆ ಹಣ ಕೊಡುವ ಮುನ್ನ ಸೋರಿದ ಸ್ಥಳವನ್ನು ತೋರಿಸಿರೆಂದು ಕೇಳಿರಿ, ಮತ್ತು ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಿಂದ ಹೀರಿ ಸಿಲಿಂಡರಿನಲ್ಲಿ ಹಿಡಿದಿಡುವ ಗ್ಯಾರೇಜಿಗೇ ನಿಮ್ಮ ಕಾರನ್ನು ಒಯ್ಯಿರಿ.