ಗೋದಾಮಿನಲ್ಲಿ ಎರಡು ದಿನ ಕೌದಿ

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ಇಪ್ಪತ್ತೈದು ವರ್ಷಗಳ ಲೆಕ್ಕವನ್ನು ಕಾರ್ಯದರ್ಶಿಗಳು ಈಗಾಗಲೇ ಓದಿ ಹೇಳಿದ್ದಾರೆ. ಸಾಲ ಎಷ್ಟು, ವಸೂಲಿ ಎಷ್ಟು, ಗೊಬ್ಬರ ಎಷ್ಟು ಚೀಲ ಎಂದು ನಾವು ಮತ್ತೆ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ನಮಗೆ ಕೊಟ್ಟಿರುವುದು ಹತ್ತು ನಿಮಿಷ. ಅಷ್ಟರಲ್ಲಿ, ಈ ತಿಂಗಳ ಮೊದಲಿಗೆ ನಮ್ಮ ಗೊಬ್ಬರದ ಗೋದಾಮಿನಲ್ಲಿ ಊರ ಹೆಣ್ಣುಮಕ್ಕಳು ಎರಡು ದಿನ ಕೂತು ಕೌದಿ ಹೊಲಿದ ಸಂಗತಿ ಹೇಳಬೇಕೆಂದು ಬಂದಿದ್ದೇವೆ. ಇದೇನು ಭಾಷಣದ ವಿಷಯವೇ ಎಂದು ಹಿಂದೆ ಕೂತವರು ನಗುತ್ತಿದ್ದಾರೆ. ನಗಲಿ. ಇದರಲ್ಲಿ ನಮ್ಮದೂ ಒಂದು ತಪ್ಪು ಸೇರಿದೆ, ಅದನ್ನು ಸಭೆಯ ಮುಂದೆಯೇ ಹೇಳುವುದು ಸರಿ.

ಸುಗ್ಗಿ ಮುಗಿದ ಮೇಲೆ ಮುಂಗಾರಿನ ಗೊಬ್ಬರ ಬರುವ ತನಕ ಗೋದಾಮು ಖಾಲಿ ಬಿದ್ದಿರುತ್ತದೆಂದು ನಿಮಗೆಲ್ಲ ಗೊತ್ತು. ಸ್ತ್ರೀಶಕ್ತಿ ಗುಂಪಿನವರು ಬಂದು, "ಅಣ್ಣಾರ, ಶನಿವಾರ ರವಿವಾರ ಎರಡು ದಿನ ಕೀಲಿ ಕೊಡ್ರಿ, ಕೌದಿ ಹೊಲಿಬೇಕಾಗೇತಿ" ಎಂದರು. ಮನೆಯಲ್ಲಿ ಕೂತು ಹೊಲಿಯಬಾರದೇನು ಎಂದು ನಾವು ಕೇಳಿದೆವು. ಅದಕ್ಕೆ ಮೇಲಿನ ಓಣಿಯ ದೊಡ್ಡವ್ವ ಹೇಳಿದ್ದು: "ಮನಿಯಾಗ ಕುಂತ್ರ ನಾಕು ಟಾಕಿ ಹಾಕೂದ್ರಾಗ ಹತ್ತು ಸರ್ತಿ ಏಳಬೇಕಪಾ. ನೀರ ಕೊಡು, ಚಾ ಮಾಡು, ಎಮ್ಮಿ ಕಟ್ಟು. ಕೌದಿ ಹಾಸಿದ್ರ ಅದರ ಮ್ಯಾಲ ಕೋಳಿ ಅಡ್ಡಾಡ್ತಾವು."

ಮಂಡಳಿಯಲ್ಲಿ ಚರ್ಚೆಯಾಯಿತು. ಆಡಿಟಿನವರು ಕೇಳಿದರೆ ಏನು ಬರೆಯುವುದು ಎಂದು ಒಬ್ಬರು, ಯೂರಿಯಾ ವಾಸನೆಯಲ್ಲಿ ಹೆಂಗಸರು ಕೂಡುವುದು ಹೇಗೆ ಎಂದು ಇನ್ನೊಬ್ಬರು. ಕಡೆಗೆ ಕೀಲಿ ಕೊಟ್ಟೆವು. ಶುಕ್ರವಾರ ಸಂಜೆಯೇ ಅವರು ಬಂದು ನೆಲ ತೊಳೆದು, ಬಾಗಿಲು ತೆರೆದಿಟ್ಟು, ಬೇವಿನ ಸೊಪ್ಪಿನ ಹೊಗೆ ಹಾಕಿ ಹೋದರು. ಆ ಗೋದಾಮು ಅಷ್ಟು ಸ್ವಚ್ಛವಾಗಿದ್ದನ್ನು ನಾವು ನಿರ್ದೇಶಕರಾದ ಮೇಲೆ ಕಂಡಿರಲಿಲ್ಲ.

ಶನಿವಾರ ಮುಂಜಾನೆ 22 ಮಂದಿ ಬಂದರು. ಬುತ್ತಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ತಲೆಯ ಮೇಲೆ ಹಳೆ ಅರಿವೆಯ ಗಂಟು. ಐದು ಕೌದಿ ಹಾಸಿದರು, ಒಂದೊಂದಕ್ಕೆ ನಾಲ್ಕು ಮಂದಿ, ನಾಲ್ಕು ಬದಿಗೆ. ಕಣ್ಣು ಸೂಕ್ಷ್ಮವಿದ್ದ ಇಬ್ಬರು ಹುಡುಗಿಯರು ಸೂಜಿಗೆ ದಾರ ಪೋಣಿಸಿ ಕೊಡುವುದು, ಚಹಾ ಕಾಸುವುದು.

ನಾವು ಹುಟ್ಟಿದಾಗಿನಿಂದ ಕೌದಿಯ ಮೇಲೆ ಮಲಗಿದವರು, ಆದರೆ ಅದು ಹೇಗೆ ಆಗುತ್ತದೆಂದು ಕೂತು ನೋಡಿದ್ದು ಅಂದೇ. ಕೆಳಗೆ ಒಂದು ಗಟ್ಟಿ ಸೀರೆ ಹಾಸುತ್ತಾರೆ. ಅದರ ಮೇಲೆ ಹಳೆ ಧೋತರ, ಲುಂಗಿ, ಹರಿದ ಚಾದರು, ಒಂದರ ಮೇಲೊಂದು ಸುಕ್ಕು ಬಾರದಂತೆ. ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳು. ಅಂಚು ಮಡಿಚಿ, ಹೊರಗಿನಿಂದ ಹೊಲಿಗೆ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ. ಅದಕ್ಕಿಂತ ದೂರ ಹೋದರೆ ಒಗೆದಾಗ ಒಳಗಿನ ಅರಿವೆ ಉಂಡೆ ಕಟ್ಟುತ್ತದೆಯಂತೆ. ಮಹಾನವಮಿಗೆ ಹಳ್ಳದಲ್ಲಿ ಕೌದಿ ಒಗೆದವರಿಗೆ ಗೊತ್ತು, ನೀರು ಕುಡಿದ ಕೌದಿ ಎತ್ತಲಿಕ್ಕೆ ಇಬ್ಬರು ಬೇಕು. ಆ ಎಳೆತಕ್ಕೆಲ್ಲ ತಡೆಯಬೇಕಾದದ್ದು ಈ ದಾರವೇ.

ಅರಿವೆಯ ವಿಷಯದಲ್ಲಿ ದೊಡ್ಡವ್ವ ಬಲು ಕಟ್ಟುನಿಟ್ಟು. ಪಾಲಿಯೆಸ್ಟರ್ ಸೀರೆ ಬಂದರೆ ಕೈಯಿಂದ ಮುಟ್ಟಿ ಬದಿಗೆ ಒಗೆಯುತ್ತಿದ್ದಳು. ಸೂಜಿ ಜಾರುತ್ತದೆ, ಬೆವರು ಹೀರುವುದಿಲ್ಲ. ಇಳಕಲ್ ಸೀರೆಯಲ್ಲಿ ಮೈ ಹತ್ತಿಯದಿದ್ದರೆ ಅದು ಕೌದಿಗೆ ಬಂಗಾರ. ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಕೂಡಿಸಿರುತ್ತಾರಲ್ಲ, ಅಲ್ಲಿಗೆ ಸರಿಯಾಗಿ ಬಿಡಿಸಿ ಸೆರಗನ್ನು ಬೇರೆ ಎತ್ತಿಡುತ್ತಾಳೆ.

ಮುಂಡಗೋಡ ಕಡೆಯಿಂದ ನಮ್ಮೂರಿಗೆ ಬಂದ ಸೊಸೆಯೊಬ್ಬಳು ತನ್ನ ಕೌದಿಯ ನಾಲ್ಕು ಮೂಲೆಗೆ ತ್ರಿಕೋನದಂತೆ ಮಡಿಚಿದ ಅರಿವೆ ಇಟ್ಟಳು. ಇದೇನವ್ವ ಎಂದರೆ ಹೂವು ಎಂದಳು. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿ ಸಿದ್ದಿ ಜನಾಂಗದ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಹೀಗೆ ಮೂಲೆಯಲ್ಲಿ ಹೂವು ಇರಲೇಬೇಕು, ಇಲ್ಲದಿದ್ದರೆ ಕೌದಿ ಬತ್ತಲೆ ಎಂದು ಅವರು ಭಾವಿಸುತ್ತಾರೆ. ಸಿದ್ದಿಯರ ಹಿರಿಯರು ಆಫ್ರಿಕಾದಿಂದ ಬಂದವರು. ಅವರ ಕೌದಿ ಇಂದು ದೇಶ ದಾಟಿ ಹೆಸರು ಮಾಡಿದೆ. ಮಧ್ಯಾಹ್ನ ಊಟವಾಗುವಷ್ಟರಲ್ಲಿ ನಮ್ಮ ಐದೂ ಕೌದಿಗೆ ಹೂವು ಬಂದಿದ್ದವು!

ಹಾಡು, ನಗೆ, ಸೊಸೆಯಂದಿರ ಮುಂದೆಯೇ ಅತ್ತೆಯರ ದೂರು, ಅತ್ತೆಯರ ಮುಂದೆಯೇ ಸೊಸೆಯಂದಿರ ದೂರು, ಎಲ್ಲ ನಡೆಯಿತು. ಗಂಡಸರು ಬಾಗಿಲಲ್ಲಿ ನಿಂತು ಇಣುಕಿದರೆ "ಒಳಗ ಬರೂದಾದ್ರ ಸೂಜಿ ಹಿಡೀರಿ" ಎನ್ನುತ್ತಿದ್ದರು. ನಾವು ಹಿಡಿದೆವು. ಒಂದು ಗೇಣು ಹೊಲಿದೆವು. ನಾವು ಎದ್ದ ಮೇಲೆ ಅದನ್ನು ಬಿಚ್ಚಿ ಮತ್ತೆ ಹೊಲಿದರೆಂದು ನಮ್ಮ ಮನೆಯವರು ರಾತ್ರಿ ಹೇಳಿದರು.

ರವಿವಾರ ಸಂಜೆ ಕಾರ್ಯದರ್ಶಿಗಳು ಟೇಪು ಹಿಡಿದು ಅಳೆದರು. ನಾಲ್ಕು ಮೊಳ ಉದ್ದ, ಮೂರು ಮೊಳ ಅಗಲ. ಬೆರಳಿಗೊಂದು ಸಾಲಿನಂತೆ ಲೆಕ್ಕ ಹಾಕಿದರೆ ಒಂದು ಕೌದಿಯಲ್ಲಿ ಸುಮಾರು 125 ಮೀಟರು ಹೊಲಿಗೆ. ಗೋದಾಮಿನ ಬಾಗಿಲಿನಿಂದ ಹಣಮಪ್ಪನ ಗುಡಿಯ ಕಟ್ಟೆಯ ತನಕ ಅಷ್ಟೇ ದೂರ. ನಾಲ್ಕು ಮಂದಿ ಎರಡು ದಿನ ಎಂದರೆ ಎಂಟು ಆಳಿನ ದುಡಿಮೆ. ಪೇಟೆಯಿಂದ ಬರುವ ವ್ಯಾಪಾರಿ ಒಂದು ಕೌದಿಗೆ ಕೊಡುತ್ತಿದ್ದದ್ದು ಮೂರು ಆಳಿನ ಹತ್ತಿ ಬಿಡಿಸುವ ಕೂಲಿಗೂ ಸಮವಿರಲಿಲ್ಲ. ಹಿಂದೆ ಗೊಂದಲಿಗರ ಹೆಣ್ಣುಮಕ್ಕಳು ಊರೂರು ತಿರುಗಿ ಕೌದಿ ಹೊಲಿದುಕೊಟ್ಟು ಜೋಳ, ಹಳೆ ಅರಿವೆ ಒಯ್ಯುತ್ತಿದ್ದರು. ಆಗಲೂ ಯಾರೂ ಆಳು ಲೆಕ್ಕ ಹಾಕಲಿಲ್ಲ.

ಈ ಲೆಕ್ಕ ಓದಿ ಹೇಳಿದಾಗ ಹೊಲಿಯುತ್ತಿದ್ದ ಒಬ್ಬಾಕೆ ತಲೆ ಎತ್ತದೆ ಹೇಳಿದಳು: "ಈ ಲೆಕ್ಕ ಎರಡು ವರ್ಷದ ಹಿಂದ ಹಾಕಿದ್ರ ಚಲೋ ಇತ್ತರಿ ಅಣ್ಣಾರ."

ತಪ್ಪು ಎಂದು ಮೊದಲಿಗೆ ಹೇಳಿದೆವಲ್ಲ, ಅದು ಇದೇ. ಎರಡು ವರ್ಷದ ಹಿಂದೆ ಇದೇ ಹೆಣ್ಣುಮಕ್ಕಳಲ್ಲಿ ಎಂಟು ಮಂದಿ ದಾರ, ಅಸ್ತರಿನ ಬಟ್ಟೆ ಕೊಳ್ಳಲು ಸಂಘಕ್ಕೆ ಸಾಲದ ಅರ್ಜಿ ಕೊಟ್ಟಿದ್ದರು. ಬೆಳೆಸಾಲ ಅಲ್ಲ, ಪಹಣಿ ಇಲ್ಲ ಎಂದು ತಿರುಗಿಸಿ ಕಳಿಸಿದೆವು. ಅಷ್ಟಕ್ಕೇ ಬಿಟ್ಟಿದ್ದರೆ ನಿಯಮ ಎನ್ನಬಹುದಿತ್ತು. "ಕೌದಿ ಅಡವು ಇಟ್ಕೊಂಡು ನಾವೇನು ಹೊದ್ಕೊಂಡು ಮಕ್ಕೋಬೇಕೇನು?" ಎಂದು ನಾವೇ ಚಾಷ್ಟಿ ಮಾಡಿದೆವು. ಮಂಡಳಿಯೆಲ್ಲ ನಕ್ಕಿತು. ಅವರು ಹೊರಗೆ ಹೋಗಿ ವಾರದ ಕಂತಿನ ಸಾಲ ತಂದರು. ಕಂತು ತಪ್ಪಿದ ವಾರ ಸಾಲದವರು ಮನೆಯ ಮುಂದೆ ಬಂದು ಕೂತದ್ದನ್ನು ಊರೆಲ್ಲ ನೋಡಿದೆ. ಆ ಮಾತು ಆಡಿದವರು ನಾವು. ಈ ತಾಯಂದಿರಲ್ಲಿ ಕ್ಷಮೆ ಕೇಳುತ್ತೇವೆ.

ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದನ್ನು ನಾವು ಪ್ರತಿ ಸಭೆಯಲ್ಲೂ ಹೆಮ್ಮೆಯಿಂದ ಹೇಳುತ್ತೇವೆ. ಬಡ್ಡಿ ಸಾಹುಕಾರನ ಕೈಯಿಂದ ರೈತ ಬಿಡಿಸಿಕೊಳ್ಳಲೆಂದು ಕಟ್ಟಿದ ಸಂಘದ ದಾರಿಯಲ್ಲಿ ಬಂದವರು ನಾವೇ ಎಂಟು ಮನೆಗಳನ್ನು ಅಲ್ಲಿಗೆ ದಬ್ಬಿದೆವು. ಮುಂದಿನ ವಾರ್ಷಿಕ ಸಭೆಯ ವಿಷಯಪಟ್ಟಿಯಲ್ಲಿ ಕೌದಿ ಹೊಲಿಯುವವರಿಗೆ ಗುಂಪು ಸಾಲದ ವಿಷಯ ಸೇರಿಸಲು ನಾವು ಅರ್ಜಿ ಕೊಟ್ಟಿದ್ದೇವೆ. ಉಪವಿಧಿ ತಿದ್ದುಪಡಿ ಬೇಕಾದರೆ ಮಾಡೋಣ. ವಿರೋಧವಿದ್ದವರು ಆ ದಿನ ಬಂದು ಹೇಳಲಿ, ನಗಬೇಡಿ ಅಷ್ಟೇ.

ನಾಲ್ಕು ಕೌದಿ ಮುಗಿದವು. ಐದನೆಯದು ಉಳಿಯಿತು. ಅದರಲ್ಲಿ ನಮ್ಮ ಅವ್ವನ ಸೀರೆ ಇದೆ. ಅವ್ವ ತೀರಿಕೊಂಡ ಮೇಲೆ ಟ್ರಂಕಿನಲ್ಲಿಟ್ಟದ್ದನ್ನು ನಮ್ಮ ಮನೆಯವರು ಕೇಳದೆ ತಂದು ಹಾಸಿಬಿಟ್ಟಿದ್ದರು. ಕತ್ತರಿ ಹಾಕುವಾಗ ನಾವು ಹೊರಗೆ ಹೋಗಿ ನಿಂತೆವು. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಕೊನೆಯ ಹೊಲಿಗೆಗೆ ಮುಂಚೆ ನಡುವೆ ಒಂದು ಚೂರು ರೊಟ್ಟಿ ಇಡಬೇಕಂತೆ. ಆ ರೊಟ್ಟಿ ನಮ್ಮ ಮನೆಯಿಂದಲೇ ಬರಬೇಕೆಂದು ದೊಡ್ಡವ್ವ ಹೇಳಿದ್ದಾಳೆ. ಗೊಬ್ಬರದ ಲಾರಿ ಮುಂದಿನ ಸೋಮವಾರ ಬರುತ್ತದೆ. ಅದಕ್ಕೆ ಮುಂಚೆ, ಈ ಶನಿವಾರ ನಾಲ್ಕು ಮಂದಿ ಬಂದು ಮುಗಿಸುತ್ತಾರೆ. ಗೋದಾಮಿನ ಕೀಲಿ ಕಾರ್ಯದರ್ಶಿಗಳ ಹತ್ತಿರ ಇದೆ.