ಅಜ್ಜಿಮನೆಗೆ ಬಂದ ಹುಡುಗಿ

(ದಾವಣಗೆರೆಯ ಗಿರಣಿ ಕೆಲಸಗಾರರ ಓಣಿಯೊಂದರ ವಾಚನಾಲಯದಲ್ಲಿ ಮಾಡಿದ ಭಾಷಣ)



ಬೋನಸ್ಸಿನ ಮಾತು, ತೆರಿಗೆಯ ಮಾತು ಆಡುವುದಕ್ಕೆ ನಾವು ಈ ಜಗಲಿಯ ಮೇಲೆ ಎಷ್ಟೋ ಸಲ ನಿಂತಿದ್ದೇವೆ. ಇಂದು ಎಂಟು ವರ್ಷದ ಒಬ್ಬ ಹುಡುಗಿಯ ಮಾತನ್ನು ಆಡಬೇಕಾಗಿದೆ. ಮನೆಯೊಳಗಿನ ಸಂಗತಿ ಸಭೆಗೇಕೆ ಎಂದು ಕೆಲವರು ಕೇಳಬಹುದು. ಆ ಸಂಗತಿಯನ್ನು ಓಣಿಯ ತುಂಬ ಆಡಿದವರು ನಾವೇ ಅಲ್ಲವೇ? ಬೆನ್ನ ಹಿಂದೆ ಆಡಿದ್ದನ್ನು ಒಮ್ಮೆ ಎದುರಿಗೇ ಆಡೋಣ.

ಹುಡುಗಿಯ ಹೆಸರು ಬೇಡ. ತಂದೆಗೆ ಬೆಂಗಳೂರಿನಲ್ಲಿ ಕೆಲಸ. ತಾಯಿ ನಮ್ಮ ಓಣಿಯ ಮಗಳು. ಗಂಡ ಹೆಂಡತಿ ಬೇರೆಯಾದರು. ತಪ್ಪು ಯಾರದೆಂದು ತೀರ್ಮಾನಿಸಲು ನಾವು ಇಲ್ಲಿ ಕೂತಿಲ್ಲ. ತಾಯಿಯೂ ಮಗಳೂ ಒಂದು ಟ್ರಂಕು, ಎರಡು ಚೀಲ ಹಿಡಿದು ರೈಲಿನಿಂದ ಇಳಿದರು.

ಅಜ್ಜಿಮನೆ ಆ ಮಗುವಿಗೆ ಹೊಸದೇನಲ್ಲ, ಪ್ರತಿ ಬೇಸಿಗೆಗೂ ಬರುತ್ತಿದ್ದಳು. ಆಗ ಮೊದಲ ಬಿಸಿ ರೊಟ್ಟಿ ಅವಳ ತಟ್ಟೆಗೇ ಬೀಳುತ್ತಿತ್ತು. ಈಗ ಅದೇ ಎರಡು ಕೋಣೆಯ ಮನೆಯಲ್ಲಿ ಅಜ್ಜಿ, ಮಾವ, ಅತ್ತೆ, ಅವರ ಇಬ್ಬರು ಮಕ್ಕಳು, ಮೇಲೆ ಇವರಿಬ್ಬರು. ಅತ್ತೆ ಒಮ್ಮೊಮ್ಮೆ ಗೊಣಗುತ್ತಾಳೆ. ಕೆಟ್ಟವಳೆಂದು ಅಲ್ಲ, ಎರಡು ಕೋಣೆಯಲ್ಲಿ ಏಳು ಜನಕ್ಕೆ ಹಾಸಿಗೆ ಹಾಸಿದವರಿಗೆ ಆ ಗೊಣಗಾಟದ ಅರ್ಥ ತಿಳಿಯುತ್ತದೆ. ಆದರೆ ಮಗುವಿಗೆ ತಿಳಿಯುವುದು ಒಂದೇ: ರಜೆಗೆ ಬಂದಾಗ ತಾನು ಬೇಕಾಗಿದ್ದೆ, ಈಗ ಹಾಗಿಲ್ಲ.

ಎರಡು ತಿಂಗಳು ಅವಳು ತನ್ನ ಚೀಲ ಬಿಚ್ಚಲಿಲ್ಲ. ಒಗೆದ ಲಂಗವನ್ನು ತಾನೇ ಮಡಚಿ ಮತ್ತೆ ಚೀಲಕ್ಕೇ ಇಡುತ್ತಿದ್ದಳು. ಯಾಕವ್ವಾ ಎಂದು ಅಜ್ಜಿ ಕೇಳಿದರೆ, "ಹೋಗುವಾಗ ಹುಡುಕೋದು ಬೇಡ ಅಂತ" ಎಂದಳು. ದೊಡ್ಡವರೆಲ್ಲ ಸೇರಿ, ಅಪ್ಪನಿಗೆ ಕೆಲಸ ಜಾಸ್ತಿ, ಮುಗಿದ ಮೇಲೆ ಬಂದು ಕರೆದುಕೊಂಡು ಹೋಗುತ್ತಾನೆ ಎಂದು ಹೇಳಿದ್ದರು. ಕನಿಕರದಿಂದ ಹೇಳಿದ ಸುಳ್ಳು ಅದು. ಮಗು ಅದನ್ನು ನಂಬಿ ದಿನ ಎಣಿಸುತ್ತಿತ್ತು.

ಕೊನೆಗೆ ತಾಯಿಯೇ ಒಂದು ರಾತ್ರಿ ಪಾಳಿ ಮುಗಿಸಿ ಬಂದು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು: "ಇನ್ನು ನಾವು ಇಲ್ಲೇ ಇರೋದು. ಅಪ್ಪ ಅಲ್ಲೇ ಇರ್ತಾರೆ. ನಿನ್ನನ್ನ ನೋಡೋಕೆ ಬರ್ತಾರೆ. ಇದು ನಿನ್ನಿಂದ ಆದದ್ದಲ್ಲ." ಹುಡುಗಿ ಎರಡು ದಿನ ಅತ್ತಳು, ಊಟ ಬಿಟ್ಟಳು. ಮೂರನೆಯ ದಿನ, "ನನ್ನ ಪುಸ್ತಕ ಎಲ್ಲಿ ಇಡಲಿ?" ಎಂದು ಕೇಳಿದಳು. ಮಾವ ಗೋಡೆಗೆ ಒಂದು ಹಲಗೆ ಹೊಡೆದುಕೊಟ್ಟ.

ಇನ್ನು ನಮ್ಮ ಪಾಲಿನ ಮಾತು. ಅಂಗಡಿಗೆ ಬಂದು ಅವಳು "ಕಡ್ಲೆಪುರಿ ಕೊಡಿ" ಎಂದಳು. ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಕಡ್ಲೆಪುರಿ ಎಂದರೆ ನಗು ಬರುವುದು ಸಹಜ, ನಾವೂ ನಕ್ಕೆವು. ಒಂದು ವಾರ ಅವಳು ಅಂಗಡಿಯ ಕಡೆ ಬರಲಿಲ್ಲ. ಇದಕ್ಕಿಂತ ಕೆಟ್ಟದ್ದು ಉದ್ರಿ ಪುಸ್ತಕದ ಮುಂದೆ ನಡೆಯಿತು. "ನಿಮ್ಮಪ್ಪ ರೊಕ್ಕ ಕಳಿಸ್ತಾನೇನವ್ವಾ?" ಎಂದು ನಾಲ್ಕು ಜನರೆದುರಿಗೆ ಕೇಳಿದರು. ಬಾಕಿ ಕೇಳುವ ಹಕ್ಕು ಅಂಗಡಿಯವರಿಗೆ ಉಂಟು. ಅದನ್ನು ತಾಯಿಯನ್ನೇ ಕೇಳಲಿ. ಚಹದ ಅಂಗಡಿಯಲ್ಲಿ ಮತ್ತೊಬ್ಬರು, "ನಿನಗೆ ಯಾರು ಬೇಕು, ಅಪ್ಪನೋ ಅವ್ವನೋ?" ಎಂದು ತಮಾಷೆ ಮಾಡಿದರು. 1890ರ ಪೋಷಕರ ಮತ್ತು ಪೋಷಿತರ ಕಾಯ್ದೆಯ ಪ್ರಕಾರ ಮಗುವಿನ ಕ್ಷೇಮವನ್ನು ನೋಡಿ ನ್ಯಾಯಾಲಯ ತೀರ್ಮಾನಿಸಬೇಕು. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಪರಿಗಣಿಸಬಹುದು. ನ್ಯಾಯಾಧೀಶರೇ ತೂಗಿ ಕೇಳುವ ಪ್ರಶ್ನೆ ಅದು. ಬನ್ನು ಅದ್ದಿಕೊಂಡು ಕೇಳುವಂಥದ್ದಲ್ಲ.

ಶಾಲೆಯದು ಬೇರೆ ಕತೆ. ಹಳೆಯ ಶಾಲೆಯವರು ಫೀಜಿನ ಬಾಕಿ ತೋರಿಸಿ ಟಿ.ಸಿ. ತಡೆದರು, ಅದಿಲ್ಲದೆ ಸೇರಿಸುವುದಿಲ್ಲವೆಂದು ಇಲ್ಲಿನ ಶಾಲೆಯವರು. ನಡುವೆ ಹುಡುಗಿ ಇಪ್ಪತ್ತು ದಿನ ಮನೆಯಲ್ಲೇ ಕೂತಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಂ ಓದಿ ತೋರಿಸಿದ ಮೇಲೆ ಬಾಗಿಲು ತೆರೆಯಿತು. ಮುಖ್ಯೋಪಾಧ್ಯಾಯರು ಟಿ.ಸಿ.ಯನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಸರಕಾರಿ ಮತ್ತು ಅನುದಾನಿತ ಶಾಲೆಗೆ ಬರುವ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಈ ಹಕ್ಕು ಇದೆ.

ಜೀವನಾಂಶದ ವಿಷಯದಲ್ಲಿಯೂ ಹಳೆಯ ತಿಳಿವಳಿಕೆ ಉಳಿದಿದೆ. ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಸಿಗದೆಂದು ಹಿರಿಯರೊಬ್ಬರು ತಾಯಿಯನ್ನು ಹೆದರಿಸಿದರು. ಆ ಮಿತಿ 2001ರಲ್ಲೇ ಹೋಯಿತು. 2024ರ ಜುಲೈ 1ರಿಂದ ಅರ್ಜಿ ಹಾಕುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಡಿ. ವಕೀಲರಿಗೆ ಹಣವಿಲ್ಲವೆಂದು ಸುಮ್ಮನಿರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಉಂಟು.

ತಂದೆ ಒಂದು ಭಾನುವಾರ ಬಂದಾಗ ಮಾವ ಹೊಸಿಲಲ್ಲೇ ತಡೆದ. ತಂಗಿಯ ನೋವನ್ನು ಕಂಡವನ ಸಿಟ್ಟು ನಮಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಒಳಗೆ ಹುಡುಗಿ ಹೊಸ ಲಂಗ ಹಾಕಿಕೊಂಡು ಕಾದಿದ್ದಳು. ಹಣ ಕಳಿಸದ ತಂದೆಯನ್ನು ನ್ಯಾಯಾಲಯದಲ್ಲಿ ಕೇಳೋಣ. ಮಗುವಿನ ಭಾನುವಾರವನ್ನು ಜಪ್ತಿ ಮಾಡುವುದು ಯಾವ ನ್ಯಾಯ? ತಾಯಿ ಒಪ್ಪಿದಳು. ಅಂದು ಅವರಿಬ್ಬರೂ ಈ ವಾಚನಾಲಯದ ಬೆಂಚಿನ ಮೇಲೆ ಎರಡು ಗಂಟೆ ಕೂತು ಮಂಡಕ್ಕಿ ತಿಂದರು. ಅದನ್ನು ಏನೆಂದು ಕರೆಯಬೇಕೆಂದು ಮಗಳು ತಂದೆಗೆ ಕಲಿಸಿದಳು.

ಈಗ ಆ ಬೆಂಚು ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಅವರದು. ಪತ್ರಿಕೆ ಓದಲು ಬರುವವರು ದಯವಿಟ್ಟು ಒಳಗಿನ ಕೋಣೆಯಲ್ಲಿ ಕೂರಿ. ಟಿ.ಸಿ. ತೊಡಕಿನಿಂದ ಮಕ್ಕಳು ಮನೆಯಲ್ಲಿ ಉಳಿದಿದ್ದರೆ, ಇರುವ ಕಾಗದಗಳನ್ನು ಹಿಡಿದು ಯಾವ ಸಂಜೆಯಾದರೂ ಏಳರ ಮೇಲೆ ಬನ್ನಿ. ಅರ್ಜಿ ನಾವು ಬರೆದುಕೊಡುತ್ತೇವೆ.